ತೆರಿಗೆಯೂ ದಾಸೋಹವೂ

ಸಂಸ್ಕೃತದಲ್ಲಿ ‘ಕರ’ವೆಂಬ ಶಬ್ದಕ್ಕೆ ಕೈಯೆಂದೂ ಕಿರಣವೆಂದೂ ತೆರಿಗೆಯೆಂದೂ ಮೂರು ಅರ್ಥಗಳುಂಟು. ಸೂರ್ಯನು ತನ್ನ ಕರಗಳಿಂದ ನೆಲದ ನೀರನ್ನು ಹೀರಿಕೊಳ್ಳುವುದು ಅದನ್ನು ಮಳೆಯ ರೂಪದಲ್ಲಿ ನೆಲಕ್ಕೇ ಮರಳಿಸುವುದಕ್ಕಾಗಿ. ಅರಸನು ಪ್ರಜೆಗಳಿಂದ ಕರವನ್ನು ಕೊಳ್ಳುವುದೂ ಹಾಗೆಯೇ ಇರತಕ್ಕದ್ದೆಂಬ ಭಾವವು ಕಾಳಿದಾಸನ ರಘುವಂಶವನ್ನು ಓದಿದವರಿಗೆಲ್ಲ ಪರಿಚಿತವಾದುದೇ. ಕನ್ನಡದ ‘ತೆರಿಗೆ’ಯಾದರೋ ‘ತೆರು’ ಎಂಬ ಧಾತುವಿನಿಂದ ಹುಟ್ಟಿದುದು. ಸಲ್ಲಬೇಕಾದುದನ್ನು ಸಲ್ಲಿಸುವುದೆಂದು ಅದರ ತಾತ್ಪರ್ಯ. ಇವೆರಡಕ್ಕಿಂತಲೂ ಬೇರೆಯಾದ, ಶರಣರ ಬಾಯಲ್ಲಿ ಹೊಸ ಜೀವವನ್ನು ಪಡೆದ ಮತ್ತೊಂದು ಶಬ್ದವುಂಟು; ಅದು ‘ದಾಸೋಹ’. ನಾನು ದಾಸನೆಂಬ ಭಾವದಿಂದ, ಕಾಯಕದಲ್ಲಿ ಬಂದುದನ್ನು ಸಮಾಜಕ್ಕೆ ಅರ್ಪಿಸುವುದು ದಾಸೋಹ. ತೆರಿಗೆಯನ್ನು ತೆರುವ ಕೈಯೇ ದಾಸೋಹಕ್ಕೂ ನೀಡುತ್ತದೆ. ಹೀಗಿರಲು ಇವೆರಡೂ ಒಂದೆಯೋ, ಬೇರೆಬೇರೆಯೋ? ಬೇರೆಯಾದರೆ ಅವುಗಳ ಪರಸ್ಪರ ಸಂಬಂಧವೇನು? ಈ ಪ್ರಶ್ನೆಯನ್ನು ಪ್ರಕೃತ ಲೇಖನದಲ್ಲಿ ವಿಚಾರಿಸೋಣ.

ಇದು ಕೇವಲ ಪಂಡಿತರ ಕಾಲಹರಣದ ಪ್ರಶ್ನೆಯೆಂದು ವಾಚಕರು ಭಾವಿಸಬಾರದು. ನಮ್ಮ ಕೊಪ್ಪಳ ಮತ್ತು ಗಂಗಾವತಿಗಳಲ್ಲಿ ನಗರಸಭೆಗಳಿರುವುವು; ಕುಷ್ಟಗಿಯಲ್ಲಿ ಪುರಸಭೆಯೂ ಯಲಬುರ್ಗಿಯಲ್ಲಿ ಪಟ್ಟಣ ಪಂಚಾಯತಿಯೂ ಇರುವುವು. ಏಪ್ರಿಲ್ ೧ರಂದು ಹೊಸ ಆರ್ಥಿಕ ವರ್ಷವು ಪ್ರಾರಂಭವಾಗುವುದಕ್ಕೆ ಮುಂಚೆ ಈ ಸಂಸ್ಥೆಗಳು ತಮ್ಮ ಆಯವ್ಯಯದ ಅಂದಾಜುಪತ್ರವನ್ನು, ಅಂದರೆ ಜನರು ಬಜೆಟ್ಟೆಂದು ಕರೆಯುವ ಪತ್ರವನ್ನು, ಸಿದ್ಧಪಡಿಸಬೇಕಾಗುವುದು. ಅದಕ್ಕೂ ಮೊದಲು ಊರ ನಾಗರಿಕರನ್ನು ಕರೆದು ಪೂರ್ವಭಾವಿ ಸಭೆಯನ್ನು ನಡೆಸುವ ಪದ್ಧತಿಯಿರುವುದು. ಚಳಿಗಾಲದ ಅದೇ ದಿನಗಳಲ್ಲಿ, ಪುಷ್ಯಮಾಸದಲ್ಲಿ, ಕೊಪ್ಪಳದ ಗವಿಮಠದ ಜಾತ್ರೆಯೂ ಕೂಡುವುದು. ಆಗ ಸುತ್ತಣ ಹಳ್ಳಿಗಳಿಂದ ಜೋಳದ ರೊಟ್ಟಿಗಳು, ದವಸಧಾನ್ಯಗಳು, ಕಾಯಿಪಲ್ಯಗಳು ಗಾಡಿಗಳಲ್ಲಿ ಹರಿದುಬರುವುವು. ಕೊಡುವವನು ಪಾವತಿಯನ್ನು ಕೇಳುವುದಿಲ್ಲ. ಕೊಟ್ಟೆನೆಂದು ಹೇಳಿಕೊಳ್ಳುವುದೂ ಇಲ್ಲ. ಆದರೆ ಅದೇ ಮನುಷ್ಯನು ಅದೇ ಋತುವಿನಲ್ಲಿ ಮನೆಕರದ ಚೀಟಿಯನ್ನು ಕಂಡರೆ ಮುಖವನ್ನು ಸಿಂಡರಿಸುವನು. ಒಬ್ಬನೇ ಮನುಷ್ಯನಲ್ಲಿ ಕಾಣುವ ಈ ಎರಡು ಮುಖಗಳು ವಿಚಾರಕ್ಕೆ ಯೋಗ್ಯವಾದವು.

ಇಂಥ ಸಭೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ವಾದವನ್ನು ಮೊದಲು ನೋಡೋಣ. “ನಳಕ್ಕ ನೀರು ಬರ್ಲಿ, ಗಟಾರ ಸ್ವಚ್ಛ ಆಗ್ಲಿ, ಆಮ್ಯಾಲೆ ಕರ ಕಟ್ತೀವಿ” ಎಂದು ಓಣಿಯ ಹಿರಿಯರು ಹೇಳುವರು. ಕರವು ಬಾರದೆ ನೀರನ್ನು ಎಲ್ಲಿಂದ ತರುವುದು, ಗಟಾರವನ್ನು ಯಾರಿಂದ ತೆಗೆಸುವುದು ಎಂದು ಅಧಿಕಾರಿಗಳು ಉತ್ತರಿಸುವರು. ಇದಿಲ್ಲದೆ ಅದಿಲ್ಲ, ಅದಿಲ್ಲದೆ ಇದಿಲ್ಲ. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯ ದೋಷವೆಂದು ಹೆಸರು. ಶಾಸ್ತ್ರದಲ್ಲಿ ಈ ದೋಷವುಳ್ಳ ವಾದವು ಬಿದ್ದುಹೋಗುವುದು, ಅಷ್ಟೇ. ಆದರೆ ಊರಿನಲ್ಲಿ ವಾದವು ಬಿದ್ದರೆ ಸಾಲದು. ನೀರು ಬರಬೇಕು, ಹೊಲಸು ಹೋಗಬೇಕು. ಆದುದರಿಂದ ಯಾರಾದರೊಬ್ಬರು ಮೊದಲ ಹೆಜ್ಜೆಯನ್ನು ಇಡಲೇಬೇಕು.

ಊರಿನ ಬೊಕ್ಕಸಕ್ಕೆ ಹಣವೆಲ್ಲಿಂದ ಬರುವುದೆಂಬುದನ್ನು ಅರಿಯದೆ ಈ ವಿಚಾರವು ಮುಂದುವರಿಯದು. ೧೯೯೨ರಲ್ಲಿ ಅಂಗೀಕೃತವಾಗಿ ೧೯೯೩ರ ಜೂನ್ ೧ರಿಂದ ಜಾರಿಗೆ ಬಂದ ಸಂವಿಧಾನದ ೭೪ನೆಯ ತಿದ್ದುಪಡಿಯು ಪೌರಸಂಸ್ಥೆಗಳಿಗೆ ಸಂವಿಧಾನದಲ್ಲಿಯೇ ಸ್ಥಾನವನ್ನು ಕೊಟ್ಟಿತು. ಅದರೊಡನೆ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ೧೮ ಕಾರ್ಯಗಳು ಎಣಿಸಲ್ಪಟ್ಟಿವೆ. ನೀರು ಪೂರೈಕೆ, ರಸ್ತೆ, ನೈರ್ಮಲ್ಯ, ಬೀದಿದೀಪ, ಸ್ಮಶಾನ ಮುಂತಾದುವೆಲ್ಲ ಅದರಲ್ಲಿ ಅಡಕವಾಗಿವೆ. ಕರವನ್ನು ವಿಧಿಸುವ ಅಧಿಕಾರವನ್ನು ರಾಜ್ಯದ ಶಾಸನವು ಪೌರಸಂಸ್ಥೆಗೆ ಕೊಡಬಹುದೆಂದು ೨೪೩-ಎಕ್ಸ್ ವಿಧಿಯು ಹೇಳುವುದು. ನಮ್ಮಲ್ಲಿ ೧೯೬೪ರ ಪೌರಸಭೆಗಳ ಅಧಿನಿಯಮವು ಅದನ್ನು ಕೊಟ್ಟಿರುವುದು. ಊರು ತಾನಾಗಿ ಗಳಿಸುವ ಹಣದಲ್ಲಿ ಮನೆ ಮತ್ತು ನಿವೇಶನಗಳ ಆಸ್ತಿ ತೆರಿಗೆಯೇ ಮುಖ್ಯವಾದುದು. ನೀರಿನ ಕರ, ಮಳಿಗೆಗಳ ಬಾಡಿಗೆ, ಪರವಾನಗಿಯ ಶುಲ್ಕ ಮೊದಲಾದುವು ಅದರ ಹಿಂದೆ ಬರುವುವು. ಮಿಕ್ಕುದು ರಾಜ್ಯ ಮತ್ತು ಕೇಂದ್ರಗಳ ಅನುದಾನ.

‘ಸರಕಾರದ ರೊಕ್ಕ ಬರುವುದಲ್ಲ, ನಮ್ಮ ಕರದಿಂದ ಆಗಬೇಕಾದುದೇನು?’ ಎಂದು ಕೆಲವರು ಹೇಳುವುದುಂಟು. ಈ ಮಾತಿನಲ್ಲಿ ಎರಡು ತಪ್ಪುಗಳಿವೆ. ಮೊದಲನೆಯದು ಲೋಕವ್ಯವಹಾರದ್ದು. ಹದಿನೈದನೆಯ ಹಣಕಾಸು ಆಯೋಗವು ಪೌರಸಂಸ್ಥೆಗಳಿಗೆ ಅನುದಾನವನ್ನು ಸೂಚಿಸುವಾಗ, ಆಸ್ತಿ ತೆರಿಗೆಯ ವಸೂಲಿಯು ವರ್ಷದಿಂದ ವರ್ಷಕ್ಕೆ ಹೆಚ್ಚಬೇಕೆಂಬುದನ್ನು ಒಂದು ನಿಬಂಧನೆಯನ್ನಾಗಿ ಮಾಡಿತು. ಅಂದಮೇಲೆ ತಾನು ಗಳಿಸದ ಊರಿಗೆ ಪರರ ದುಡ್ಡೂ ದುರ್ಲಭವಾಗುವುದು. ಎರಡನೆಯದು ಧರ್ಮಕ್ಕೆ ಸಂಬಂಧಿಸಿದುದು. ಕಾಯಕವಿಲ್ಲದೆ ಉಣ್ಣುವುದನ್ನು ಶರಣರು ಒಪ್ಪಲಿಲ್ಲ. ವ್ಯಕ್ತಿಗೆ ಕಾಯಕವಿರುವಂತೆ ಊರಿಗೂ ಒಂದು ಕಾಯಕವುಂಟು. ತನ್ನ ಬೀದಿಯನ್ನು ತಾನು ಗುಡಿಸಿಕೊಳ್ಳುವುದು, ತನ್ನ ನೀರನ್ನು ತಾನು ಕಾಯ್ದುಕೊಳ್ಳುವುದು ಅದರ ಕಾಯಕ. ಪೂರ್ತಿ ಅನುದಾನದಿಂದಲೇ ಬದುಕುವ ಊರು ಭಿಕ್ಷೆಯಿಂದ ಬದುಕುವ ಗಟ್ಟಿಮುಟ್ಟಾದ ಆಳಿನಂತೆ. ಅವನಿಗೆ ಕೇಳುವ ಧೈರ್ಯವಿರದು. ಕೊಟ್ಟವನು ಹೇಳಿದಲ್ಲಿಯೇ ಅವನು ಖರ್ಚು ಮಾಡಬೇಕು.

ಇನ್ನು, ಕರವನ್ನು ಕಟ್ಟದಿದ್ದರೆ ನಷ್ಟವು ಯಾರಿಗೆ? ಕಟ್ಟದವನಿಗೆ ಅಲ್ಲವೆಂಬುದೇ ಇಲ್ಲಿಯ ಕಠಿನವಾದ ಸಂಗತಿ. ಪೌರಸಂಸ್ಥೆಯು ತನ್ನ ಸ್ವಂತ ಆದಾಯದಲ್ಲಿ ಶೇಕಡಾ ೨೪.೧೦ರಷ್ಟನ್ನು ಪರಿಶಿಷ್ಟ ಜಾತಿ-ಪಂಗಡದವರ ಕಲ್ಯಾಣಕ್ಕೆ, ಶೇಕಡಾ ೭.೨೫ರಷ್ಟನ್ನು ಇತರ ಹಿಂದುಳಿದ ಬಡವರಿಗೆ, ಶೇಕಡಾ ೫ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕೆಂಬ ನಿಯಮವಿರುವುದು. ಆದಾಯವೇ ಕುಗ್ಗಿದರೆ ಈ ಪಾಲುಗಳೂ ಕುಗ್ಗುವುವು. ಆಸ್ತಿ ತೆರಿಗೆಯ ಜೊತೆಗೆ ಶೇಕಡಾ ೬ರ ಗ್ರಂಥಾಲಯ ಕರವನ್ನೂ, ೧೯೭೫ರ ಶಾಸನದ ಮೇರೆಗೆ ನಿರಾಶ್ರಿತ ಭಿಕ್ಷುಕರ ಪರಿಹಾರಕ್ಕಾಗಿ ಶೇಕಡಾ ೩ರ ಕರವನ್ನೂ ಕೂಡಿಸಿ ಪಡೆಯುವರು. ಗುಡಿಯ ಬಾಗಿಲಲ್ಲಿ ಭಿಕ್ಷುಕನಿಗೆ ನಾಣ್ಯವನ್ನು ಹಾಕಿ ಪುಣ್ಯವನ್ನು ಎಣಿಸಿಕೊಳ್ಳುವವನು, ಅದೇ ಭಿಕ್ಷುಕನ ಆಶ್ರಯಕ್ಕೆಂದು ಶಾಸನವು ಕೇಳುವ ಮೂರು ಕಾಸನ್ನು ಬಾಕಿ ಉಳಿಸಿಕೊಂಡಿರಬಹುದು. ಕುಷ್ಟಗಿ-ಯಲಬುರ್ಗಿಯ ಬೆದ್ದಲು ಸೀಮೆಯಲ್ಲಿ ನೆಲದೊಳಗಿನ ನೀರಿಗೆ ಫ್ಲೋರೈಡಿನ ದೋಷವುಂಟು. ಉಳ್ಳವನು ಶುದ್ಧ ನೀರನ್ನು ಕ್ಯಾನಿನಲ್ಲಿ ತರಿಸಿಕೊಳ್ಳುವನು. ಇಲ್ಲದವನು ಸಾರ್ವಜನಿಕ ನಳವನ್ನೇ ನಂಬಿರುವನು. ಆದುದರಿಂದ ಉಳ್ಳವನು ಉಳಿಸಿಕೊಂಡ ಬಾಕಿಯು ಇಲ್ಲದವನ ಕೊಡದಲ್ಲಿ ಕೊರತೆಯಾಗಿ ಕಾಣಿಸಿಕೊಳ್ಳುವುದು.

ಹಾಗಾದರೆ ತೆರಿಗೆಯೇ ದಾಸೋಹವೆಂದು ಸಾರಿಬಿಡಬಹುದಲ್ಲವೇ? ಅನೇಕ ಉಪನ್ಯಾಸಕರು ಹಾಗೆ ಹೇಳುವುದುಂಟು. ಕೇಳಲು ಇಂಪಾದ ಮಾತೇ ಅದು. ಆದರೆ ನಿಧಾನಿಸಿ ನೋಡಿದರೆ ಅದರಲ್ಲಿ ಅಪಾಯವಿದೆ. ದಾಸೋಹಕ್ಕೆ ಒತ್ತಾಯವಿಲ್ಲ, ತೆರಿಗೆಗೆ ಒತ್ತಾಯವುಂಟು, ತಡಮಾಡಿದರೆ ದಂಡವೂ ಉಂಟು. ಇದಕ್ಕಿಂತಲೂ ಮುಖ್ಯವಾದ ಭೇದವು ಇನ್ನೊಂದಿದೆ. ದಾಸೋಹವನ್ನು ಮಾಡಿದವನು ಸ್ವೀಕರಿಸಿದವನಿಂದ ಲೆಕ್ಕವನ್ನು ಕೇಳುವುದಿಲ್ಲ. ಕೇಳಿದರೆ ಅದು ದಾಸೋಹವೇ ಅಲ್ಲ. ತೆರಿಗೆಯನ್ನು ದಾಸೋಹವೆಂದು ಕರೆದರೆ, ಅದನ್ನು ಕೊಳ್ಳುವ ಅಧಿಕಾರಿಯು ಜಂಗಮಸ್ಥಾನದಲ್ಲಿ ಕುಳಿತಂತಾಗುವುದು. ಲೆಕ್ಕವನ್ನು ಕೇಳುವ ನಾಗರಿಕನು ಭಕ್ತಿಹೀನನೆನಿಸುವನು. ಪವಿತ್ರವಾದ ಹೆಸರನ್ನು ಲೌಕಿಕ ವ್ಯವಹಾರಕ್ಕೆ ಹೊದಿಸಿದರೆ ವ್ಯವಹಾರವು ಪವಿತ್ರವಾಗದು. ಅದರೊಳಗಿನ ಕೊಳೆಯು ಮರೆಯಾಗುವುದು ಅಷ್ಟೆ. ಆದುದರಿಂದ ತೆರಿಗೆಯು ತೆರಿಗೆಯೇ, ದಾಸೋಹವು ದಾಸೋಹವೇ.

ಶರಣರ ಚರಿತ್ರೆಯೇ ಈ ವಿವೇಕಕ್ಕೆ ಸಾಕ್ಷಿಯಾಗಿರುವುದು. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಅದೇ ಕಾಲದಲ್ಲಿ ಅವರ ಮಹಾಮನೆಯಲ್ಲಿ ನಿತ್ಯ ದಾಸೋಹವೂ ನಡೆಯುತ್ತಿದ್ದಿತು. ಭಂಡಾರದ ಹಣವು ಜಂಗಮರ ಪಾಲಾಗುತ್ತಿದೆಯೆಂದು ಕೊಂಡೆಯರು ಅರಸನಿಗೆ ಹೇಳಿದರೆಂದೂ, ಆಗ ಬಸವಣ್ಣನವರು ಭಂಡಾರವನ್ನು ಲೆಕ್ಕಕ್ಕೆ ಒಡ್ಡಿ, ಒಂದು ಹೊನ್ನೂ ಕಡಮೆಯಿಲ್ಲದುದನ್ನು ತೋರಿಸಿದರೆಂದೂ ಬಸವಪುರಾಣದ ಕಥೆಯು ಹೇಳುವುದು. ಈ ಕಥೆಯಲ್ಲಿ ಭಕ್ತರು ಸಾಮಾನ್ಯವಾಗಿ ಪವಾಡವನ್ನು ಕಾಣುವರು. ಅದರಲ್ಲಿರುವ ನೀತಿಯನ್ನೂ ಕಾಣಬೇಕು. ‘ನಾನು ಭಕ್ತನು, ನನ್ನನ್ನು ಲೆಕ್ಕ ಕೇಳುವುದೆಂತು?’ ಎಂದು ಅವರು ಸಿಟ್ಟಾಗಲಿಲ್ಲ. ಪ್ರಜೆಗಳ ಹಣವು ಬೇರೆ, ತಮ್ಮ ದಾಸೋಹವು ಬೇರೆ ಎಂಬ ಗೆರೆಯನ್ನು ಅವರು ಅಳಿಸಲಿಲ್ಲ. ಅಂಥ ಮಹಾಪುರುಷರೇ ಲೆಕ್ಕಕ್ಕೆ ನಿಂತಮೇಲೆ ಇಂದಿನ ಪೌರಾಯುಕ್ತರಾಗಲಿ ಮುಖ್ಯಾಧಿಕಾರಿಗಳಾಗಲಿ ಸದಸ್ಯರಾಗಲಿ ನಿಲ್ಲುವುದರಲ್ಲಿ ಅವಮಾನವೇನಿದೆ?

ಶರಣರ ಸಮೂಹದಲ್ಲಿ ಸುಂಕದ ಬಂಕಣ್ಣನೆಂಬ ವಚನಕಾರನೊಬ್ಬನಿದ್ದನು. ಸುಂಕವನ್ನು ಎತ್ತುವುದೇ ಅವನ ಕಾಯಕ. ಜನರು ಯಾವ ಕಾಲದಲ್ಲಿಯೂ ಪ್ರೀತಿಯಿಂದ ಕಾಣದ ಆ ಉದ್ಯೋಗವನ್ನು ಮಾಡುವವನಿಗೂ ಅನುಭಾವಿಗಳ ಪಂಕ್ತಿಯಲ್ಲಿ ಎಡೆ ದೊರೆಯಿತು. ಇದರಿಂದ ತಿಳಿಯುವುದೇನೆಂದರೆ, ಕರವನ್ನು ವಸೂಲು ಮಾಡುವುದು ಹೀನವಾದ ಕೆಲಸವಲ್ಲ. ಅದನ್ನು ಸತ್ಯಶುದ್ಧವಾಗಿ ಮಾಡಿದರೆ ಅದೂ ಕಾಯಕವೇ. ಬಿಸಿಲಿನಲ್ಲಿ ಮನೆಮನೆಗೂ ತಿರುಗುವ ಕರವಸೂಲಿಗಾರನನ್ನು ಬಾಗಿಲಲ್ಲಿಯೇ ಗದರಿಸಿ ಕಳಿಸುವವರು ಇದನ್ನು ನೆನೆಯಬೇಕು.

ಈ ಸೀಮೆಯ ಪ್ರಾಚೀನರೂ ಈ ವಿಷಯದಲ್ಲಿ ನಮಗೆ ಪಾಠವನ್ನು ಹೇಳುವರು. ೧೧೧೨ರಲ್ಲಿ ಇಟಗಿಯ ಮಹಾದೇವ ದೇವಾಲಯವು ನಿರ್ಮಿತವಾದ ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರುಗಳು ಬರುವುವು. ಯಾವ ಸುಂಕದಲ್ಲಿ ಎಷ್ಟನ್ನು ಯಾವ ಗುಡಿಗೆ, ಯಾವ ಕೆರೆಗೆ, ಯಾವ ಅನ್ನಸತ್ರಕ್ಕೆ ಬಿಟ್ಟರೆಂಬುದನ್ನು ಸುಂಕದ ಅಧಿಕಾರಿಗಳೂ ಮಹಾಜನರೂ ವರ್ತಕರ ನಕರವೂ ಸೇರಿ ನಿಶ್ಚಯಿಸಿ, ಕಲ್ಲಿನ ಮೇಲೆ ಕೆತ್ತಿಸಿ, ಎಲ್ಲರೂ ನೋಡುವಲ್ಲಿ ನಿಲ್ಲಿಸುತ್ತಿದ್ದರು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘವು ಹೇರಿಗೆ ಇಷ್ಟೆಂದು ತಾನೇ ಆಯವನ್ನು ಗೊತ್ತುಮಾಡಿಕೊಂಡು ಧರ್ಮಕಾರ್ಯಗಳಿಗೆ ಸಲ್ಲಿಸುತ್ತಿದ್ದಿತು. ಆ ಕಾಲವೆಲ್ಲವೂ ಸುವರ್ಣಯುಗವೆಂದು ಹೇಳುವುದು ಇಲ್ಲಿಯ ಉದ್ದೇಶವಲ್ಲ. ಬೆವರು ಸುರಿಸಿದ ಒಕ್ಕಲಿಗನ ಮಾತು ಆ ಸಭೆಗಳಲ್ಲಿ ಎಷ್ಟು ನಡೆಯುತ್ತಿದ್ದಿತೆಂಬುದು ಬೇರೆ ಪ್ರಶ್ನೆ. ಆದರೆ ಸಾರ್ವಜನಿಕ ಹಣದ ನಿರ್ಣಯವು ಬಹಿರಂಗವಾಗಿರಬೇಕೆಂಬ ತತ್ತ್ವವು ಅವರಿಗೆ ಗೊತ್ತಿದ್ದಿತು. ಇಂದಿನ ಅಂದಾಜುಪತ್ರವಾದರೋ ಹತ್ತಾರು ಪುಟಗಳ ಅಂಕಿಗಳಲ್ಲಿ, ಲೆಕ್ಕಿಗರ ಪರಿಭಾಷೆಯಲ್ಲಿ ಹೂತಿರುವುದು. ಈ ವಾರ್ಡಿಗೆ ಇಷ್ಟು ಬಂದಿತು, ಇಂಥ ಗಟಾರಕ್ಕೆ ಇಷ್ಟು ತಗುಲಿತು, ಇಷ್ಟು ಉಳಿಯಿತು ಎಂದು ತಿಳಿಗನ್ನಡದಲ್ಲಿ ಬರೆದು ಓಣಿಯ ಕಟ್ಟೆಯ ಬಳಿ ಒಂದು ಹಲಗೆಯನ್ನು ನಿಲ್ಲಿಸಿದರೆ, ಅದು ಈ ಕಾಲದ ಶಿಲಾಶಾಸನವಾಗಲಾರದೆ? ದೂರದ ಬ್ರೆಜಿಲ್ ದೇಶದ ಪೋರ್ತೊ ಅಲೆಗ್ರೆ ನಗರದಲ್ಲಿ ೧೯೮೯ರಿಂದ ನಿವಾಸಿಗಳೇ ಕೇರಿಕೇರಿಗಳಲ್ಲಿ ಸಭೆ ಸೇರಿ, ನಗರದ ಹಣದಲ್ಲಿ ಯಾವ ಕೆಲಸಗಳು ಮೊದಲು ಆಗಬೇಕೆಂಬುದನ್ನು ನಿರ್ಣಯಿಸುವ ಪದ್ಧತಿಯು ಪ್ರಾರಂಭವಾಗಿ, ಮುಂದೆ ಲೋಕದ ಅನೇಕ ಪಟ್ಟಣಗಳಿಗೆ ಹರಡಿತು. ಅವರಿಗೆ ಸಾಧ್ಯವಾದುದು ನಮಗೆ ಅಸಾಧ್ಯವೆನ್ನಲು ಕಾರಣವಿಲ್ಲ.

ಕೇಳುವ ಈ ಹಕ್ಕು ನಮಗೆ ಸುಲಭವಾಗಿ ಬಂದುದೂ ಅಲ್ಲ. ೧೯೪೮ರ ಸೆಪ್ಟೆಂಬರದವರೆಗೆ ಈ ನಾಡು ನಿಜಾಮನ ಆಳಿಕೆಯಲ್ಲಿದ್ದಿತು. ಕೊಪ್ಪಳವು ಸಾಲಾರ್ ಜಂಗರ ಜಹಗೀರಾಗಿದ್ದಿತು. ಆಗ ಕೊಡುವವನಿಗೆ ಕೊಡುವುದೊಂದೇ ಕೆಲಸ. ಇಂದು ಪೂರ್ವಭಾವಿ ಸಭೆಗೆ ಕರೆ ಬಂದರೂ ಹೋಗದೆ, ಮರುದಿನ ಚಹದಂಗಡಿಯಲ್ಲಿ ಕುಳಿತು ಕರವು ಹೆಚ್ಚಾಯಿತೆಂದು ಗೊಣಗುವವನು, ಹಿರಿಯರು ಕಷ್ಟಪಟ್ಟು ಗಳಿಸಿಕೊಟ್ಟುದನ್ನು ತಾನೇ ಚೆಲ್ಲುತ್ತಿರುವನು. ಬರಿದಾದ ಕುರ್ಚಿಗಳ ಮುಂದೆ ಓದಿ ಮುಗಿಸಿದ ಅಂದಾಜುಪತ್ರವು ಗುತ್ತಿಗೆದಾರರಿಗೆ ಅನುಕೂಲವಾದೀತೇ ಹೊರತು ಓಣಿಗೆ ಆಗದು.

ಕರದ ಭಾರವು ಯಾರ ಹೆಗಲಿಗೆ ಎಷ್ಟು ಎಂಬುದು ಮುಂದಿನ ಪ್ರಶ್ನೆ. ನಮ್ಮ ಪಕ್ಕದ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರೆಂದು ಹೇಳಲಾಗುವ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಥೆಯನ್ನು ಅರಿಯದವರಿಲ್ಲ. ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಬಡವರಾದ ಅವರು ಹೆಚ್ಚನ್ನು ಬಿಟ್ಟುಕೊಟ್ಟರು. ಬಲ್ಲಿದರಾದ ನಾವು ಸಲ್ಲಬೇಕಾದುದನ್ನೂ ಬಿಡಲೊಲ್ಲೆವು. ೨೦೦೨ರಿಂದೀಚೆಗೆ ನಮ್ಮ ಪಟ್ಟಣಗಳಲ್ಲಿ ಆಸ್ತಿ ತೆರಿಗೆಗೆ ಸ್ವಯಂಘೋಷಣೆಯ ಪದ್ಧತಿಯು ಬಂದಿರುವುದು. ತನ್ನ ಮನೆಯ ಅಳತೆಯನ್ನು ತಾನೇ ಬರೆದು, ತೆರಿಗೆಯನ್ನು ತಾನೇ ಎಣಿಸಿ ಕಟ್ಟುವುದು. ಏಪ್ರಿಲ್ ತಿಂಗಳಲ್ಲಿ ಕಟ್ಟಿದರೆ ಶೇಕಡಾ ೫ರ ರಿಯಾಯಿತಿ. ಸರಕಾರವು ಪ್ರಜೆಯ ನುಡಿಯನ್ನು ನಂಬಿದೆ. ನುಡಿಗೆ ತಕ್ಕ ನಡೆಯಿರಬೇಕೆಂಬ ಉಪದೇಶವನ್ನು ಪ್ರತಿದಿನವೂ ಕೇಳುವವರು, ಮೇಲಂತಸ್ತನ್ನು ಮರೆಮಾಚಿ, ಅಂಗಡಿಯನ್ನು ವಾಸದ ಮನೆಯೆಂದು ಬರೆದರೆ, ಆ ಉಪದೇಶವು ಕಿವಿಯಲ್ಲಿಯೇ ಉಳಿಯಿತೆಂದು ತಿಳಿಯಬೇಕು.

ಇಲ್ಲಿ ಮಠಮಾನ್ಯಗಳಿಗೂ ಒಂದು ಮಾತನ್ನು ಹೇಳದಿರಲಾಗದು. ಸಾರ್ವಜನಿಕ ಪೂಜಾಸ್ಥಳಗಳಿಗೆ ಶಾಸನವು ಆಸ್ತಿ ತೆರಿಗೆಯಿಂದ ವಿನಾಯಿತಿಯನ್ನು ಕೊಟ್ಟಿರುವುದು, ಅದು ಯುಕ್ತವೇ. ಆದರೆ ಮಠ-ಗುಡಿಗಳ ಹೆಸರಿನಲ್ಲಿದ್ದು ಬಾಡಿಗೆಯನ್ನು ತರುವ ಮಳಿಗೆಗಳು ಪೂಜಾಸ್ಥಳಗಳಲ್ಲ. ಅವುಗಳ ತೆರಿಗೆಯು ಊರಿನ ಎಲ್ಲ ತೆರಿಗೆಗಳಿಗಿಂತ ಮುಂಚೆ ಸಂದಾಯವಾದರೆ, ಪೀಠದಿಂದ ಹೇಳುವ ಮಾತಿಗೆ ತೂಕ ಬರುವುದು. ಅದರಂತೆಯೇ ಅಧಿಕಾರಿಗಳಿಗೂ ಒಂದು ಮಾತು. ಪಕ್ಕದ ರಸ್ತೆಯು ಅಗಲವಾಗಿ ನೆಲದ ಬೆಲೆಯೇರಿದ ಮಾತ್ರಕ್ಕೆ, ಎರಡು ಅಂಕಣದ ಮನೆಯಲ್ಲಿ ಹೊಲಿಗೆಯಿಂದ ಹೊಟ್ಟೆ ಹೊರೆಯುವ ವಿಧವೆಯ ಗಳಿಕೆಯು ಏರುವುದಿಲ್ಲ. ಅವಳ ಬಾಗಿಲಿಗೆ ಮೂರು ಸಾರೆ ನೋಟೀಸನ್ನು ಕಳಿಸಿ, ದೊಡ್ಡ ಬಾಕಿದಾರನ ಬಾಗಿಲನ್ನು ಮರೆಯುವ ಆಡಳಿತವು ತೆರಿಗೆಯನ್ನು ದಂಡವನ್ನಾಗಿ ಮಾಡುವುದು. ಬಾಕಿಯವರ ಪಟ್ಟಿಯನ್ನು ದೊಡ್ಡ ಮೊತ್ತದಿಂದ ಓದತೊಡಗುವುದು ನ್ಯಾಯ.

ಕೊನೆಯದಾಗಿ, ದಾಸೋಹವು ತೆರಿಗೆಯ ಸ್ಥಾನವನ್ನು ತುಂಬಬಲ್ಲುದೇ ಎಂಬ ಪ್ರಶ್ನೆಯುಳಿಯಿತು. ೨೦೧೯ರಲ್ಲಿ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳ ಮುಂದಾಳುತನದಲ್ಲಿ ಹಿರೇಹಳ್ಳದ ಪಾತ್ರವು ಶುಚಿಯಾದುದನ್ನು ಈ ಜಿಲ್ಲೆಯವರೆಲ್ಲರೂ ಬಲ್ಲರು. ಜನರು ದುಡಿಮೆಯನ್ನೂ ಹಣವನ್ನೂ ಯಂತ್ರಗಳನ್ನೂ ಕೊಟ್ಟರು. ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದ ಸಿದ್ಧರಾಮೇಶ್ವರರ ಪರಂಪರೆಯು ಇನ್ನೂ ಬತ್ತಿಲ್ಲವೆಂಬುದನ್ನು ಅದು ತೋರಿಸಿತು. ಇಂಥ ಕಾರ್ಯವನ್ನು ಕಂಡವರು, ‘ಎಲ್ಲವನ್ನೂ ಮಠವೇ ಮಾಡಲಿ’ ಎನ್ನುವುದುಂಟು. ಇದು ಭಕ್ತಿಯಂತೆ ತೋರುವ ಆಲಸ್ಯ. ದಾಸೋಹವು ಉತ್ಸಾಹದಿಂದ ಹುಟ್ಟುವುದು, ಉತ್ಸಾಹಕ್ಕೆ ಉಬ್ಬರವಿಳಿತಗಳುಂಟು. ಗಟಾರಕ್ಕೆ ಅಂಥ ಋತುಗಳಿಲ್ಲ. ಅದು ಪ್ರತಿದಿನವೂ ತುಂಬುವುದು. ಬೆಳಗಿನ ಚಳಿಯಲ್ಲಿ ಪೊರಕೆ ಹಿಡಿಯುವ ಪೌರಕಾರ್ಮಿಕನಿಗೆ ತಿಂಗಳು ತಿಂಗಳು ಸಂಬಳ ಬರಬೇಕು. ಅದನ್ನು ಯಾರದೋ ಮನಸ್ಸಿನ ಉದಾರತೆಗೆ ಬಿಡುವುದು ಧರ್ಮವಲ್ಲ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ ೧೯ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಗಂಗಾವತಿಯ ಗದ್ದೆಗಳವರೆಲ್ಲರೂ ತಲ್ಲಣಿಸಿದರು. ೧೯೫೩ರಿಂದ ನೀರನ್ನು ತಡೆದು ನಿಂತ ಕಟ್ಟೆಯ ಬಾಳಿಕೆಯು ಒಂದು ಸರಪಳಿಯ ಮೇಲೆ ನಿಂತಿದ್ದಿತು. ಹೊಸದನ್ನು ಕಟ್ಟುವುದಕ್ಕೆ ಹಾರ-ತುರಾಯಿಗಳುಂಟು. ಇದ್ದುದನ್ನು ಕಾಪಾಡುವುದಕ್ಕೆ ಅವಿಲ್ಲ. ಆ ಕಾಣದ ಖರ್ಚಿಗಾಗಿಯೇ ಆಯವ್ಯಯ ಪತ್ರವೂ ತೆರಿಗೆಯೂ ಇರುವುದು.

ಹೀಗಿರಲಾಗಿ, ಸೌಕರ್ಯವು ಸರಿಯಿಲ್ಲವೆಂದು ತೆರಿಗೆಯನ್ನು ತಡೆಹಿಡಿಯುವುದು ಯುಕ್ತವೇ? ತಡೆಹಿಡಿದರೆ ಅಧಿಕಾರಿಯ ಮನೆಯ ನಳವು ನಿಲ್ಲದು. ಕೊನೆಯ ಓಣಿಯ ನಳವು ಮೊದಲು ನಿಲ್ಲುವುದು. ಆದುದರಿಂದ ಕೊಟ್ಟು ಕೇಳುವುದೇ ಲೇಸು. ಕೊಟ್ಟವನ ಪ್ರಶ್ನೆಗೆ ಬಲವಿರುವುದು. ಕೊಡದವನ ಪ್ರಶ್ನೆಯನ್ನು ಬಾಕಿಯ ಪಟ್ಟಿಯೇ ಬಾಯಿಮುಚ್ಚಿಸುವುದು. ಪಂಚಾಚಾರಗಳಲ್ಲಿ ಭೃತ್ಯಾಚಾರವೂ ಗಣಾಚಾರವೂ ಜೊತೆಯಾಗಿರುವುದರ ಅರ್ಥವನ್ನು ಇಲ್ಲಿ ಕಾಣಬಹುದು. ನಮ್ರನಾಗಿ ಸಲ್ಲಿಸುವುದು ಭೃತ್ಯಾಚಾರ. ಸಮುದಾಯಕ್ಕೆ ಅನ್ಯಾಯವಾದಾಗ ಸುಮ್ಮನಿರದೆ ಎದ್ದು ನಿಲ್ಲುವುದು ಗಣಾಚಾರ. ಮೊದಲನೆಯದು ಮಾತ್ರವಿದ್ದರೆ ಊರು ಗುಲಾಮರದಾಗುವುದು. ಎರಡನೆಯದು ಮಾತ್ರವಿದ್ದರೆ ಬರಿಯ ಜಗಳಗಂಟರದಾಗುವುದು.

ತೆರಿಗೆಯು ದಾಸೋಹವಲ್ಲ, ಆದರೆ ದಾಸೋಹದ ಕೈಯುಳ್ಳವನು ತೆರಿಗೆಯನ್ನು ಕದಿಯಲಾರನು. ಲೆಕ್ಕವನ್ನು ಕೇಳುವುದು ಅಪನಂಬಿಕೆಯಲ್ಲ. ಸಾರ್ವಜನಿಕ ಹಣವನ್ನು ಮುಟ್ಟುವವನು ಆ ಪ್ರಶ್ನೆಗಾಗಿ ಕಾದಿರಬೇಕು. ಈ ಎರಡನ್ನೂ ಅರಿತು, ಬರುವ ಪೂರ್ವಭಾವಿ ಸಭೆಯ ದಿನ ಓಣಿಗೆ ನಾಲ್ವರಾದರೂ ತಮ್ಮ ತಮ್ಮ ಪಾವತಿಗಳನ್ನು ಕೈಯಲ್ಲಿ ಹಿಡಿದು ಹೋಗಿ, ಕೊನೆಯವರೆಗೂ ಕುಳಿತು, ಕೇಳಬೇಕಾದುದನ್ನು ಕೇಳಿ ಬರಲಿ ಎಂದು ಹಾರೈಸುವೆವು.